ಮಧ್ಯಾಹ್ನದ ಕನಸಿಗೆ ಬಂದ ಅಧ್ಯಕ್ಷರು

ಗದಗಿನಲ್ಲಿ ಮಧ್ಯಾಹ್ನದ ಊಟ ಆದಮೇಲೆ ಊರು ಮಲಗುತ್ತದೆ. ಏಪ್ರಿಲ್ ಬಂತೆಂದರೆ ಈ ನಿದ್ದೆಗೆ ಒಂದು ಘನತೆಯೇ ಬಂದುಬಿಡುತ್ತದೆ. ಅಂಗಡಿಗಳ ಶಟರು ಅರ್ಧಕ್ಕೆ ಇಳಿಯುತ್ತವೆ, ರಿಕ್ಷಾದವರು ಹಿಂದಿನ ಸೀಟಿನಲ್ಲಿ ಕಾಲು ಮಡಚಿಕೊಳ್ಳುತ್ತಾರೆ, ಬೆಟಗೇರಿಯ ಮಗ್ಗಗಳು ಒಂದೊಂದಾಗಿ ಸುಮ್ಮನಾಗುತ್ತವೆ. ಕಪ್ಪತಗುಡ್ಡದ ಕಡೆ ಗಾಳಿಯಂತ್ರಗಳು ಮಾತ್ರ ತಿರುಗುತ್ತಿರುತ್ತವೆ. ಅವುಗಳ ಗುಂಯ್ ಎನ್ನುವ ಸದ್ದನ್ನು ಕೇಳುತ್ತಾ ಮಲಗಿದರೆ ಎಚ್ಚರ ಎಲ್ಲಿ ಮುಗಿಯಿತು, ನಿದ್ದೆ ಎಲ್ಲಿ ಶುರುವಾಯಿತು ಎಂಬುದು ಗೊತ್ತಾಗುವುದೇ ಇಲ್ಲ.

ಇಂಥ ನಿದ್ದೆಯೊಳಗೆ ರಾಜಕೀಯ ಪಕ್ಷಗಳು ಕಾಲಿಟ್ಟ ವರ್ಷದ ಕಥೆ ಇದು. ಆ ಬಾಗಿಲು ತೆರೆದವರಲ್ಲಿ ನಾನೂ ಒಬ್ಬಳು, ಹಾಗಾಗಿ ಬೇರೆಯವರನ್ನು ಬೈಯುವ ಹಕ್ಕು ನನಗೆ ಅಷ್ಟಾಗಿ ಇಲ್ಲ. ಆದರೂ ನಡುನಡುವೆ ಬೈಯುತ್ತೇನೆ, ಸಹಿಸಿಕೊಳ್ಳಿ.

ನನ್ನ ಹೆಸರು ಇಂದುಮತಿ ಬಡಿಗೇರ. ನಿದ್ದೆಯ ವಿಜ್ಞಾನ ಓದಿದವಳು. ನಾವು ಕಂಡುಹಿಡಿದದ್ದು ಒಂದು ದಿಂಬು. ನೋಡಲಿಕ್ಕೆ ಎಲ್ಲ ದಿಂಬುಗಳ ಹಾಗೆಯೇ, ಒಳಗೆ ಹತ್ತಿ. ಹತ್ತಿಯ ನಡುವೆ ಕೂದಲಿಗಿಂತ ಸಣ್ಣ ತಂತಿಗಳ ಒಂದು ಬಲೆ. ಪ್ರಯೋಗಾಲಯದಲ್ಲಿ ಒಬ್ಬರು ತಲೆಗೆ ಜಾಲರಿ ಟೊಪ್ಪಿಗೆ ಹಾಕಿಕೊಂಡು ಮಲಗಿದರೆ, ಅವರ ನಿದ್ದೆಯ ಅಲೆ ಆ ದಿಂಬಿನ ಮೇಲೆ ಮಲಗಿದವರ ನಿದ್ದೆಯನ್ನು ಮುಟ್ಟುತ್ತದೆ. ಮುಖ ಹೋಗುವುದಿಲ್ಲ, ಭಾಷಣವೂ ಹೋಗುವುದಿಲ್ಲ. ಒಬ್ಬ ಮನುಷ್ಯ ಪಕ್ಕದಲ್ಲಿದ್ದಾನೆ ಎಂಬ ಅನುಭವವಿರುತ್ತದಲ್ಲ, ಅವನ ದನಿಯ ತೂಕ, ನಿಲ್ಲುವ ರೀತಿ, ಮನಸ್ಸಿನ ಆತುರ ಅಥವಾ ಸಮಾಧಾನ, ಅಷ್ಟು ಹೋಗುತ್ತದೆ. ನಾವು ಅದಕ್ಕೆ ‘ಇರವು’ ಎಂದು ಹೆಸರಿಟ್ಟಿದ್ದೆವು. ಉಳಿದದ್ದನ್ನೆಲ್ಲ ಕನಸು ಕಾಣುವವರ ಮನಸ್ಸೇ ಕಟ್ಟಿಕೊಳ್ಳುತ್ತದೆ. ಬಟ್ಟೆ ನಮ್ಮದು, ಹೊಲಿಗೆ ಅವರದು.

ದೂರದೂರಿನಲ್ಲಿ ದುಡಿಯುವವರು ಮನೆಯವರ ಕನಸಿಗೆ ಬಂದು ಹೋಗಲಿ ಎಂದು ನಾವು ಇದನ್ನು ಮಾಡಿದ್ದೆವು. ಆದರೆ ಮೊದಲು ಬಂದ ಗಿರಾಕಿಗಳು ಪಕ್ಷದವರು. ಸೀರೆ, ಕುಕ್ಕರ್ ಹಂಚಿ ಹಂಚಿ ಬೇಸತ್ತಿದ್ದವರು ಈಗ ಚಿಹ್ನೆ ಹಾಕಿದ ದಿಂಬು ಹಂಚಲು ಶುರುಮಾಡಿದರು. ಗದ್ದಲವಾಯಿತು, ಕಾನೂನು ಬಂತು. ಪ್ರಚಾರದ ಕನಸು ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಮಾತ್ರ, ರಾತ್ರಿಯ ಕನಸು ಜನರ ಸ್ವಂತದ್ದು ಎಂದು ತೀರ್ಮಾನವಾಯಿತು. ಹಾಗಾಗಿ ಮಧ್ಯಾಹ್ನ ಚೆನ್ನಾಗಿ ಮಲಗುವ ನಮ್ಮೂರಿಗೆ ಇದ್ದಕ್ಕಿದ್ದಂತೆ ಎಲ್ಲಿಲ್ಲದ ಬೆಲೆ ಬಂತು.

ನಾಡಬಳಗ ಪಕ್ಷದವರು ಸ್ಟೇಷನ್ ರಸ್ತೆಯಲ್ಲಿದ್ದ, ಹತ್ತಿಯಿಂದ ಬೀಜ ಬಿಡಿಸುವ ಹಳೆಯ ಜಿನ್ನಿನ ಕಟ್ಟಡವನ್ನು ಬಾಡಿಗೆಗೆ ಹಿಡಿದು ನಮ್ಮ ಯಂತ್ರ ಕೂರಿಸಿದರು. ಅಲ್ಲಿ ದಿನಾ ಮಧ್ಯಾಹ್ನ ಒಂದಕ್ಕೆ ಬಂದು, ಶೂ ಬಿಚ್ಚಿ ಜೋಡಿಸಿಟ್ಟು, ಕನ್ನಡಕ ಮಡಚಿ ಮಲಗುತ್ತಿದ್ದವರು ಪಕ್ಷದ ಅಧ್ಯಕ್ಷ ಚನ್ನವೀರಗೌಡರು.

ಗೌಡರ ಬಗ್ಗೆ ಕೆಟ್ಟ ಮಾತು ಆಡುವವರನ್ನು ನಾನು ಕಂಡಿಲ್ಲ. ಅದೇ ತೊಂದರೆಯಾಗಿತ್ತು. ಅವರ ಬಗ್ಗೆ ಒಳ್ಳೆಯ ಮಾತು ಆಡುವವರನ್ನೂ ಕಂಡಿರಲಿಲ್ಲ. ಕೈ ಶುದ್ಧ, ಓದಿದ್ದು ಬೇಕಾದಷ್ಟು. ಯಾವ ಕಾಲುವೆಯಲ್ಲಿ ಯಾವ ತಿಂಗಳು ಎಷ್ಟು ನೀರು ಹರಿಯಿತು ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುವವರು. ಮೂರು ಚುನಾವಣೆ ಸೋತಿದ್ದರು. ಅವರ ಸಭೆಗೆ ಜನ ಬರುತ್ತಿದ್ದರು, ಕೂರುತ್ತಿದ್ದರು, ಎದ್ದು ಹೋಗುತ್ತಿದ್ದರು. ಬಸ್ ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ಮರೆತುಬಿಡುತ್ತಿದ್ದರು.

ಈ ಸಲ ಪಕ್ಷದ ವರಿಷ್ಠರು ಒಂದು ಷರತ್ತು ಹಾಕಿದ್ದರು. ಗದಗಿನಲ್ಲಿ ನೂರು ಮನೆಗಳಿಗೆ ದಿಂಬು ಕೊಟ್ಟಿದೆ. ಹದಿನೈದು ದಿನದೊಳಗೆ ಕನಿಷ್ಠ ಮೂವತ್ತು ಮನೆಗಳಲ್ಲಿ ‘ಗೌಡರು ಬಂದಿದ್ದರು’ ಎಂದು ಜನ ಹೇಳಬೇಕು. ಇಲ್ಲವಾದರೆ ಟಿಕೆಟ್ಟೂ ಇಲ್ಲ, ಅಧ್ಯಕ್ಷ ಪದವಿಯೂ ಇಲ್ಲ. ಐವತ್ತೆಂಟು ವರ್ಷದ ಗೌಡರಿಗೆ ಇದು ಕೊನೆಯ ಅವಕಾಶ ಎಂದು ಎಲ್ಲರಿಗೂ ಗೊತ್ತಿತ್ತು. ಅವರಿಗೂ ಗೊತ್ತಿತ್ತು.

ಮೊದಲ ಮೂರು ದಿನದ ಸಮೀಕ್ಷೆ ಬಂದಾಗ ಪ್ರಚಾರ ಕಾರ್ಯದರ್ಶಿ ಶ್ರೀಶೈಲ ಕುಂಬಿ ಕಾಗದಗಳನ್ನು ನನ್ನ ಮೇಜಿನ ಮೇಲೆ ಬಡಿದ.

“ನೋಡ್ರಿ ಮೇಡಂ, ನಿಮ್ಮ ಯಂತ್ರದ ಚಂದ! ಅರವತ್ತೊಂದು ಮನ್ಯಾಗ ಯಾರೋ ಬಂದಿದ್ರು ಅಂದಾರ. ಯಾರು ಅಂತ ಕೇಳಿದ್ರ, ಒಬ್ಬರು ಕರೆಂಟ್ ಮೀಟರ್ ನೋಡಾವ ಅಂತಾರ, ಇನ್ನೊಬ್ಬರು ಜನಗಣತಿಯಾವ ಅಂತಾರ. ಗೌಡ್ರು ಅಂದವರು ನಾಕು ಮಂದಿ. ಅದರಾಗ ಇಬ್ಬರು ನಮ್ಮ ಪಕ್ಷದ ಕಾರ್ಯಕರ್ತರು!”

ಟೊಪ್ಪಿಗೆ ತೆಗೆದು ಮಂಚದ ಮೇಲೆ ಎದ್ದು ಕೂತಿದ್ದ ಗೌಡರು ಕನ್ನಡಕ ಹಾಕಿಕೊಳ್ಳುತ್ತಾ ಕೇಳಿದರು, “ಮೀಟರ್ ನೋಡಾವ ಅಂದವರು ಎಷ್ಟು?”

“ಹತ್ತೊಂಬತ್ತು ಸರ್.”

“ಹಂಗಾದ್ರ ಅವನನ್ನ ನಿಲ್ಲಸ್ರಿ ಚುನಾವಣಿಗೆ,” ಎಂದರು ಗೌಡರು. ಅವರು ಹಾಸ್ಯ ಮಾಡಿದ್ದು ನಾನು ಕೇಳಿದ್ದು ಅದೇ ಮೊದಲು. ಕುಂಬಿ ನಗಲಿಲ್ಲ.

ಆ ಸಂಜೆ ಮನೆಗೆ ಹೋದಾಗ ಅತ್ತೆ ಪಡಸಾಲೆಯಲ್ಲಿ ಕಾಲು ಚಾಚಿ ಕೂತಿದ್ದರು. ಅವರ ಹೆಸರು ಕಾಳವ್ವ. ನನ್ನ ಗಂಡ ಗಾಳಿಯಂತ್ರದ ಕಂಪನಿಯವನು, ಹದಿನೈದು ದಿನಕ್ಕೊಮ್ಮೆ ಮನೆಗೆ ಬರುತ್ತಾನೆ. ಉಳಿದ ದಿನ ಮನೆಯಲ್ಲಿ ನಾವಿಬ್ಬರೇ. ನೂರು ದಿಂಬುಗಳಲ್ಲಿ ಬಹಳಷ್ಟು ನಮ್ಮ ಓಣಿಗೇ ಬಂದಿದ್ದವು, ಒಂದು ಅತ್ತೆಯ ತಲೆಯ ಕೆಳಗೂ ಇತ್ತು. ಇದು ನಿಯಮಕ್ಕೆ ವಿರುದ್ಧ, ಒಪ್ಪಿಕೊಳ್ಳುತ್ತೇನೆ. ‘ಊರಿಗೆಲ್ಲಾ ತಲಿದಿಂಬು ಕೊಟ್ಟು ಅತ್ತಿಗೆ ಒಂದಿಲ್ಲೇನ?’ ಎಂದು ಅವರು ಎರಡು ದಿನ ಮಾತು ಬಿಟ್ಟಿದ್ದರು. ಮೂರನೆಯ ದಿನ ತಂದುಕೊಟ್ಟಿದ್ದೆ.

“ಅತ್ತಿಯಾರ, ಇವತ್ತು ಮಧ್ಯಾಹ್ನ ಚಲೋ ನಿದ್ದಿ ಬಂತೇನ್ರಿ?”

“ಎಲ್ಲಿ ನಿದ್ದಿ ತಾಯಿ! ಕಣ್ಣು ಹತ್ತಿದ್ದ ತಡ, ಕೋರ್ಟಿನಾವ ಒಬ್ಬ ಬಂದು ಬಾಗಲದಾಗ ನಿಂತು ಒದರಿದ. ‘ಕಾಳವ್ವ ಗಂಡ ಮೌನೇಶಪ್ಪ ಬಡಿಗೇರ, ಮನಿ ನಂಬರ್ ನಲವತ್ತೊಂದು!’ ಅಂತ. ನನ್ನ ಎದಿ ಧಸಕ್ಕಂತು. ನಾ ಏನ್ ತಪ್ಪು ಮಾಡೇನಿ ಅಂತ ಕೋರ್ಟಿಗೆ ಕರೀತಾರ?”

ನನಗೆ ನಗು ಬಂತು, ಜೊತೆಗೆ ನಾಚಿಕೆಯೂ ಆಯಿತು. ಗೌಡರ ಕಿವಿಯಲ್ಲಿ ಒಂದು ಪುಟ್ಟ ಯಂತ್ರ ಇಟ್ಟು, ಅವರು ಮಲಗಿದ್ದಾಗ ಮತದಾರರ ಪಟ್ಟಿಯನ್ನು ಪಿಸುಗುಡುವ ಏರ್ಪಾಡು ಮಾಡಿದವಳು ನಾನೇ. ಜನರನ್ನು ಹೆಸರು ಹಿಡಿದು ಕರೆದರೆ ಆತ್ಮೀಯತೆ ಬರುತ್ತದೆ ಎಂದು ಕುಂಬಿಯ ತರ್ಕ. ಮಾತು ಹೋಗದಿದ್ದರೂ ಕರೆಯುವ ರೀತಿ ಹೋಗುತ್ತದೆ, ಹೆಸರನ್ನು ಕನಸು ಕಾಣುವವರೇ ತುಂಬಿಕೊಳ್ಳುತ್ತಾರೆ. ಆದರೆ ಪಟ್ಟಿಯಲ್ಲಿ ಇರುವ ಹೆಸರಿನಿಂದ ಈ ಊರಿನಲ್ಲಿ ಯಾರು ಯಾರನ್ನು ಕರೆಯುತ್ತಾರೆ? ಗಂಡನ ಹೆಸರು, ಮನೆ ನಂಬರು ಸಮೇತ ಕರೆಯುವವರು ಕೋರ್ಟಿನ ಪೇದೆ, ಬ್ಯಾಂಕಿನವರು, ಪಡಿತರ ಅಂಗಡಿಯವರು, ದವಾಖಾನೆಯ ಕೌಂಟರಿನವರು. ಮನೆಗೆ ಬಂದ ಮನುಷ್ಯ ಹಾಗೆ ಕರೆಯುವುದಿಲ್ಲ. ಗೌಡರನ್ನು ನಾವೇ ಮೀಟರ್ ನೋಡುವವನನ್ನಾಗಿ ಮಾಡಿ ಮನೆಮನೆಗೆ ಕಳಿಸಿದ್ದೆವು.

ಮರುದಿನ ಪಟ್ಟಿ ಬದಲಾಯಿತು. ಹೆಸರುಗಳು ಹೋದವು, ಯವ್ವಾ, ಅಕ್ಕಾ, ಕಾಕಾ, ಅಣ್ಣಾ ಬಂದವು. ಯಾವ ಮನೆಯಲ್ಲಿ ಯಾವುದು ಎಂದು ವಯಸ್ಸು ನೋಡಿ ಜೋಡಿಸಿದೆವು. ಗೌಡರು ಶ್ರದ್ಧೆಯಿಂದ ನಾಲ್ಕು ದಿನ ಮಲಗಿದರು. ಏನು ಕೊಟ್ಟರೂ ಶ್ರದ್ಧೆಯಿಂದ ಮಾಡುವುದು ಅವರ ಸ್ವಭಾವ.

ಫಲಿತಾಂಶ ಇನ್ನೂ ಚಂದ ಬಂತು. ಅವರು ಸೀರೆ ಮಾರುವವನಾಗಿ ಹನ್ನೆರಡು ಮನೆಗೆ ಹೋಗಿದ್ದರು. ಲಗ್ನಪತ್ರಿಕೆ ಕೊಡಲಿಕ್ಕೆ ಬಂದ ದೂರದ ಬೀಗನಾಗಿ ಒಂಬತ್ತು ಮನೆಗೆ. ಒಬ್ಬ ಅಜ್ಜಿ, “ಯವ್ವಾ ಯವ್ವಾ ಅನ್ಕೋತ ಒಬ್ಬಾವ ಬಂದಿದ್ದ, ಪಾಪ, ಒಂದು ರೊಟ್ಟಿ ಕೊಟ್ಟು ಕಳಿಸಿದೆ,” ಎಂದು ಹೇಳಿಕೆ ಕೊಟ್ಟಿದ್ದಳು. ಗೌಡರು ಎಂದು ಗುರುತಿಸಿದವರು ಈಗ ಮೂವರು. ನಮ್ಮ ಹೊಸ ಪ್ರಯೋಗದಿಂದ ಒಂದು ಕಡಿಮೆಯೇ ಆಗಿತ್ತು.

ಏಳು ದಿನ ಕಳೆದಿತ್ತು. ಎಂಟನೆಯ ದಿನ ಬೆಳಿಗ್ಗೆ ಗೌಡರು ಬೆಟಗೇರಿಯಲ್ಲಿ ನೇಕಾರರ ಸಭೆ ಇಟ್ಟುಕೊಂಡಿದ್ದರು. ಎಚ್ಚರವಿದ್ದಾಗ ಈ ಮನುಷ್ಯ ಹೇಗಿರುತ್ತಾರೆ ನೋಡೋಣ ಎಂದು ನಾನೂ ಹೋದೆ. ಭಾಷಣ ಸೊಗಸಾಗಿತ್ತು, ಒಂದು ಅಂಕಿ ತಪ್ಪಿರಲಿಲ್ಲ. ಮುಗಿದಮೇಲೆ ಮುಂದಿನ ಸಾಲಿನ ಒಬ್ಬ ಹೆಣ್ಣುಮಗಳು ಎದ್ದು ನಿಂತಳು. ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಶುರುಮಾಡಿದಳು.

“ಸಾಹೇಬ್ರ, ನಮ್ಮ ಮನ್ಯಾಗ ಅತ್ತಿ ಒಬ್ಬಾಕಿ ಅದಾಳ್ರಿ, ಆಕಿಗೆ...”

“ವೃದ್ಧಾಪ್ಯ ವೇತನ ಅಲ್ಲೇನವಾ? ಅರ್ಜಿ ಕೊಡು. ಆಧಾರ್ ಜೋಡಣಿ ಆಗಿರಬೇಕು. ಹದಿನೈದು ದಿವಸದಾಗ ಆಗ್ತದ. ಮುಂದ ಯಾರು?”

ಆಕೆ ಬಾಯಿ ತೆರೆದವಳು ಹಾಗೆಯೇ ಕೂತುಬಿಟ್ಟಳು. ನಾನು ಹೊರಗೆ ಬರುವಾಗ ಆಕೆಯ ಹತ್ತಿರ ಹೋಗಿ ನೀನು ಏನು ಹೇಳಬೇಕೆಂದಿದ್ದೆ ಎಂದು ಕೇಳಿದೆ. “ಏನಿಲ್ರಿ. ನಾಳೆ ನಮ್ಮ ಕೂಸಿನ ತೊಟ್ಟಲಾ ಕಾರ್ಯಕ್ರಮ ಐತಿ. ಈ ಗೌಡ್ರ ಅಪ್ಪಾರು ನಮ್ಮ ಅತ್ತಿಗೆ ಸಾಲ್ಯಾಗ ಅಕ್ಷರಾ ಕಲಿಸಿದ್ರಂತ. ಅವರ ಮಗಾ ಬಂದ್ರ ಆಕಿ ಖುಷಿ ಆಗ್ತಾಳ, ಬರ್ರಿ ಅಂತ ಕರೀಬೇಕು ಅಂದಿದ್ದೆ.”

ಗೌಡರು ಕೆಟ್ಟವರಲ್ಲ, ಅಹಂಕಾರಿಯೂ ಅಲ್ಲ. ಜನ ತೊಂದರೆ ಹೇಳಿಕೊಂಡು ಸಣ್ಣವರಾಗಬಾರದು ಎಂದು ಅವರು ಮೊದಲೇ ಪರಿಹಾರ ತಯಾರಿಟ್ಟುಕೊಂಡು ಬರುತ್ತಿದ್ದರು. ಒಳ್ಳೆಯ ಉದ್ದೇಶವೇ. ಆದರೆ ಎದುರಿಗೆ ಇದ್ದವರ ಮಾತು ಪೂರ್ತಿಯಾದದ್ದನ್ನು ಅವರು ಎಂದೂ ಕೇಳಿರಲಿಲ್ಲ.

ಅಂದು ಮಧ್ಯಾಹ್ನ ಅವರು ಟೊಪ್ಪಿಗೆ ಹಾಕಿಕೊಳ್ಳುವ ಮೊದಲು ನಾನು ಒಂದು ವಿಷಯ ಒಪ್ಪಿಕೊಳ್ಳಬೇಕಾಯಿತು.

“ಸರ್, ಈ ಯಂತ್ರ ಒಂದೇ ಕಡೆ ಹರಿಯೂದಲ್ರಿ. ನಿಮ್ಮ ಅಲಿ ಅಲ್ಲಿಗೆ ಹೋದಂಗ ಅವರ ಅಲಿನೂ ನಿಮ್ಮ ಕಡೆ ಬರ್ತದ. ನಾವು ಅದನ್ನ ಬಂದ್ ಮಾಡೇವಿ.”

“ಯಾಕ?”

“ಜನವರಿಯೊಳಗ, ಪರೀಕ್ಷಾಕ್ಕಂತ ಮೊದಲನೇ ಸಲ ನೀವು ಮಲಗಿದಾಗ ಅದು ತೆರದಿತ್ತು. ಹತ್ತು ನಿಮಿಷಕ್ಕ ನೀವು ಅಳ್ಕೋತ ಎದ್ರಿ. ಅವತ್ತು ಸಂಜಿ ಮುಂಡರಗಿ ಸಭಾಕ್ಕ ಹೋಗಲಿಲ್ಲ. ಅದಕ್ಕ ಕುಂಬಿಯವರು ಬಂದ್ ಮಾಡ್ರಿ ಅಂದ್ರು. ನಾನೂ ಅದು ಬರೇ ಗದ್ದಲ, ಉಪಯೋಗಿಲ್ಲ ಅಂತ ಬರದುಕೊಟ್ಟೆ.”

ಹಳೆಯ ಜಿನ್ನಿನ ಎತ್ತರದ ಕಿಟಕಿಯಿಂದ ಬಿಸಿಲಿನ ಕೋಲು ಒಳಗೆ ಬಿದ್ದಿತ್ತು, ಅದರಲ್ಲಿ ಹತ್ತಿಯ ಎಳೆಗಳು ಮೇಲೆ ಕೆಳಗೆ ತೇಲುತ್ತಿದ್ದವು. ಜಿನ್ನು ನಿಂತು ಇಪ್ಪತ್ತು ವರ್ಷವಾದರೂ ಆ ಗೋಡೆಗಳಿಂದ ಹತ್ತಿ ಉದುರುವುದು ನಿಂತಿಲ್ಲ.

“ನನಗ ನೆನಪೈತಿ,” ಎಂದರು ಗೌಡರು. “ಒಂದು ಮನ್ಯಾಗ ಯಾರೋ ನನ್ನ ಕೈಯಾಗ ಕೂಸು ಕೊಟ್ರು. ಯಾರ ಕೂಸು, ಯಾಕ ಕೊಟ್ರು, ಗೊತ್ತಾಗಲಿಲ್ಲ. ಬೆಚ್ಚಗಿತ್ತು. ಏನರ ಹೇಳ್ತಾರ ಅಂತ ನಿಂತಿದ್ದೆ. ಅಷ್ಟರಾಗ ಎಚ್ಚರಾತು. ಮೂರು ತಿಂಗಳಾತು ಮೇಡಂ, ಆ ಕೂಸು ಕೆಳಗ ಬಿತ್ತೇನೋ ಅಂತ ಒಂದೊಂದು ಸಲ ಗಾಬರಿ ಆಗ್ತದ.”

“ಮತ್ತ ತೆರೀಲೇನ್ರಿ?”

“ತೆರದ್ರ ಏನಾಗ್ತದ?”

“ನೀವು ಪಟ್ಟಿ ಹಿಡಕೊಂಡು ಹೋಗಾಕ ಬರಂಗಿಲ್ಲ. ಅವರು ಎಲ್ಲಿ ಕರೀತಾರ, ಅಲ್ಲಿರಬೇಕು. ಏನ್ ಮಾಡ ಅಂತಾರ, ಅದನ್ನ ಮಾಡಬೇಕು. ನೀವು ಯಾರಂತ ಅವರಿಗೆ ಗುರುತು ಸಿಗ್ತದೋ ಇಲ್ಲೋ, ನಾ ಹೇಳಂಗಿಲ್ಲ. ಮೂವತ್ತು ಮನಿ ಲೆಕ್ಕ ತಪ್ಪಬಹುದು.”

ಅವರು ಕಿವಿಯ ಯಂತ್ರ ತೆಗೆದು ನನ್ನ ಅಂಗೈಯಲ್ಲಿ ಇಟ್ಟರು. ಕುಂಬಿ ಊರಲ್ಲಿ ಇರಲಿಲ್ಲ. ನಾನು ಮುಚ್ಚಿದ್ದ ದಾರಿಯನ್ನು ತೆರೆದೆ.

ಆ ದಿನದಿಂದ ಐದು ಮಧ್ಯಾಹ್ನ ಆ ಕೋಣೆಯಲ್ಲಿ ಆದದ್ದನ್ನು ನಾನು ಹೇಗೆ ಹೇಳಲಿ? ಪರದೆಯ ಮೇಲೆ ಗೆರೆಗಳಷ್ಟೇ ಕಾಣುತ್ತವೆ. ಮೊದಲು ಗೌಡರ ಗೆರೆ ಮುಂದೆ ಮುಂದೆ ಓಡುತ್ತಿತ್ತು, ನೂರು ಗೆರೆಗಳು ಹಿಂದೆ ಬಿದ್ದಿರುತ್ತಿದ್ದವು. ಈಗ ಅದು ನಿಧಾನವಾಯಿತು, ನಿಂತಿತು, ಹಿಂದಕ್ಕೆ ಬಂತು. ಎರಡನೆಯ ದಿನದ ಹೊತ್ತಿಗೆ ನೂರರ ನಡುವೆ ಅವರದು ಯಾವುದೆಂದು ಹುಡುಕಲು ನನಗೂ ಆಗಲಿಲ್ಲ. ಹೊರಗೆ ಊರು ಮಲಗಿತ್ತು, ಒಳಗೆ ಇವರು ಮಲಗಿದ್ದರು, ಫ್ಯಾನು ತಿರುಗುತ್ತಿತ್ತು. ಎಚ್ಚರವಿದ್ದವಳು ನಾನೊಬ್ಬಳೇ, ನನಗೂ ಅದು ಖಾತ್ರಿಯಿರಲಿಲ್ಲ. ಒಂದು ಸಲ ಗೌಡರು ನಿದ್ದೆಯಲ್ಲೇ ಎರಡೂ ಕೈ ಮುಂದೆ ಚಾಚಿ, ಏನನ್ನೋ ಗಟ್ಟಿಯಾಗಿ ಹಿಡಿದು, ಅರ್ಧ ಗಂಟೆ ಹಾಗೆಯೇ ಇದ್ದರು. ನಾನು ಕೈ ಇಳಿಸಲು ಹೋದೆ, ಇಳಿಯಲಿಲ್ಲ.

ನಾಲ್ಕಕ್ಕೆ ಎದ್ದವರು ಅಂಗೈ ನೋಡಿಕೊಂಡರು.

“ಒಬ್ಬಾಕಿ ಅವ್ವ ಗರಗಸಾ ಹಾಕಾಕತ್ತಿದ್ಲು. ನನಗ ಹಲಿಗಿ ಹಿಡಿ ಅಂದ್ಲು. ಅಳಗ್ಯಾಡಬ್ಯಾಡ ಅಂದ್ಲು. ನಾ ಅಳಗ್ಯಾಡಲಿಲ್ಲ ಮೇಡಂ.”

“ನೀವು ಏನರ ಹೇಳಿದ್ರೇನು?”

“ಇಲ್ಲ. ಹಲಿಗಿ ಹಿಡಕೊಂಡಾಗ ಏನ್ ಹೇಳೂದು?”

ಅವರ ಮುಖದಲ್ಲಿ ಅಂಥ ಸಮಾಧಾನ ನಾನು ಯಾವ ಪೋಸ್ಟರಿನಲ್ಲೂ ಕಂಡಿರಲಿಲ್ಲ.

ಮನೆಗೆ ಬಂದಾಗ ಅತ್ತೆ ಹಿತ್ತಲಲ್ಲಿ ಕೂತು ತಮ್ಮಷ್ಟಕ್ಕೆ ನಗುತ್ತಿದ್ದರು. ನನ್ನ ಮಾವ ಮೌನೇಶಪ್ಪ ಬಡಗಿ ಕೆಲಸದವರು, ತೀರಿಕೊಂಡು ಹನ್ನೊಂದು ವರ್ಷ. ಅವರು ಗರಗಸ ಎಳೆಯುವಾಗ ಹಲಗೆ ಹಿಡಿಯುತ್ತಿದ್ದದ್ದು ಅತ್ತೆ. ಇಡೀ ಆಯುಷ್ಯ ಹಿಡಿದಿದ್ದರು.

“ಇವತ್ತು ನಾನ ಕೊಯ್ದೆ ನೋಡು ಇಂದೂ,” ಎಂದರು. “ಸಾಗವಾನಿ ಹಲಿಗಿ. ತೊಟ್ಟಲಾ ಮಾಡಾಕ. ಎಷ್ಟು ಚಲೋ ಕೊಯ್ದೆ ಅಂತಿ! ನಿಮ್ಮ ಮಾವ ಇದ್ರ, ಹೆಂಗಸಿಗೆ ಯಾಕ ಗರಗಸಾ ಅಂತಿದ್ದ.”

“ಹಲಿಗಿ ಯಾರು ಹಿಡದಿದ್ರು ಅತ್ತಿಯಾರ?”

“ಯಾರೋ ನಮ್ಮ ಮನ್ಯಾವ ಇದ್ದ.”

“ಯಾರು? ಮಾವನವರೇನ್ರಿ? ನಿಮ್ಮ ಮಗನೇನ್ರಿ?”

“ಅವರಲ್ಲ. ಮನ್ಯಾವಾ ಅಂದ್ನೆಲ್ಲ. ಮನ್ಯಾವರ ಮುಖಾ ಏನ್ ನೋಡ್ಕೋತ ಕೂಡ್ತಾರೇನು? ಹೊರಗಿನವರ ಮುಖಾ ನೋಡ್ತಾರ.”

ನಾನು ಅಲ್ಲೇ ಕಲ್ಲಿನ ಮೇಲೆ ಕೂತೆ. ಸಂತೋಷವಾಯಿತು, ಕಣ್ಣಲ್ಲಿ ನೀರೂ ಬಂತು. ಕೂತಲ್ಲೇ ಸಮೀಕ್ಷೆಯ ನಮೂನೆ ನೆನಪಾಗಿ ಹೆದರಿಕೆಯಾಯಿತು. ಅದರ ಮೊದಲ ಪ್ರಶ್ನೆಯನ್ನು ಬರೆದವನು ಕುಂಬಿ. ‘ಕನಸಿನಲ್ಲಿ ಹೊರಗಿನವರು ಯಾರಾದರೂ ಬಂದಿದ್ದರೇ? ಹೌದು / ಇಲ್ಲ. ಇಲ್ಲ ಎಂದಾದರೆ ಉಳಿದ ಪ್ರಶ್ನೆ ಕೇಳಬೇಕಾಗಿಲ್ಲ.’

ನಾನು ಹೆದರಿದ್ದೇ ಆಯಿತು. ಕೊನೆಯ ಸಮೀಕ್ಷೆ ಬಂದ ದಿನ ಕುಂಬಿ ಕಾಗದ ಬಡಿಯಲಿಲ್ಲ, ಮೆಲ್ಲಗೆ ಇಟ್ಟ. ಅದು ಇನ್ನೂ ಕೆಟ್ಟ ಲಕ್ಷಣ.

“ನೂರರಾಗ ಮೂರು ಮನಿಯವರು ಲಗ್ನಕ್ಕ ಹೋಗಿದ್ರು. ಉಳದ ತೊಂಬತ್ತೇಳು ಮನ್ಯಾಗ, ಯಾರೂ ಬಂದಿಲ್ಲ. ಮೀಟರ್ ನೋಡಾವ ಸೈತ ಬಂದಿಲ್ಲ. ಸೊನ್ನಿ ಸರ್. ನಾ ವರಿಷ್ಠರಿಗೆ ಏನಂತ ಹೇಳ್ಲಿ?”

“ಕುಂಬಿಯವರ, ಅದು ಸೊನ್ನಿ ಅಲ್ಲ,” ಎಂದೆ ನಾನು. “ಅವರು ಬಂದಾರ. ತೊಂಬತ್ತೇಳೂ ಮನ್ಯಾಗ ಬಂದಾರ. ಹೊರಗಿನವರಾಗಿ ಬಂದಿಲ್ಲ, ಅಷ್ಟ. ಒಬ್ಬ ಅವ್ವಗ ಹಲಿಗಿ ಹಿಡದಾರ, ಆಕಿ ನಮ್ಮ ಮನ್ಯಾವ ಅಂತಾಳ. ನನಗ ಎರಡ ದಿನ ಕೊಡ್ರಿ. ಬ್ಯಾರೆ ಪ್ರಶ್ನೆ ಕೇಳಿಸ್ತೀನಿ. ‘ಮನಿಯವರು ಯಾರ್ ಯಾರು ಇದ್ರು’ ಅಂತ ಕೇಳಿ, ‘ಅದರಾಗ ಗುರುತಿರಲಾರದವರು ಗೌಡ್ರು’ ಅಂತ ತಿಳಿಸಿ ಹೇಳಿದ್ರ, ಮೂವತ್ತಲ್ಲ, ತೊಂಬತ್ತು ಮನಿ ಸಿಗ್ತಾವ.”

ಕುಂಬಿಯ ಕಣ್ಣು ಹೊಳೆಯಿತು. ಅವನು ಮೂರ್ಖನಲ್ಲ, ಲಾಭ ಎಲ್ಲಿದೆಯೆಂದು ತಕ್ಷಣ ಗೊತ್ತಾಗುತ್ತದೆ. “ಅಂದ್ರ, ಮನಿಮನಿಗೆ ಹೋಗಿ, ಅವ್ವಾರ, ನಿಮ್ಮ ಹಲಿಗಿ ಹಿಡದಾವ ನಮ್ಮ ಗೌಡ್ರ, ಈ ಚಿಹ್ನಿ ನೆನಪಿಡ್ರಿ ಅಂದ್ರ... ಸರ್! ಕೆಲಸಾತು!”

ಗೌಡರು ಕಾಗದಗಳನ್ನು ಒಂದೊಂದಾಗಿ ನೋಡುತ್ತಿದ್ದರು. ಪ್ರತಿಯೊಂದರಲ್ಲೂ ಒಂದೇ ಗೀಟು, ‘ಇಲ್ಲ’ ಎನ್ನುವುದರ ಮೇಲೆ.

“ಬ್ಯಾಡ,” ಎಂದರು.

“ಸರ್?”

“ಆ ಅವ್ವಗ ಒಬ್ಬಾವ ಸಿಕ್ಕಾನ, ಹಲಿಗಿ ಹಿಡ್ಯಾಂವ. ಅವ ಚುನಾವಣಿ ಅಭ್ಯರ್ಥಿ ಅಂತ ಹೇಳಿದ್ರ, ನಾಳಿಯಿಂದ ಆಕಿ ಮತ್ತ ಒಬ್ಬಾಕಿನ ಹಲಿಗಿ ಹಿಡಕೊಂಡು ಒಬ್ಬಾಕಿನ ಕೊಯ್ಯಬೇಕಾಗ್ತದ. ನನ್ನ ಟಿಕೆಟ್ ಸಲುವಾಗಿ ತೊಂಬತ್ತೇಳು ಮನ್ಯಾಗ ಒಬ್ಬೊಬ್ಬರನ್ನ ಕಡಿಮಿ ಮಾಡ್ಲೇನು?”

“ಸರ್, ಇದು ನಿಮ್ಮ ಕೊನೀ ಅವಕಾಶ.”

“ಗೊತ್ತೈತಿ ಕುಂಬಿ.” ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಆಸೆ ಇರಲಿಲ್ಲವೆಂದಲ್ಲ. ಮೂವತ್ತು ವರ್ಷ ಇಟ್ಟುಕೊಂಡ ಆಸೆ ಅದು, ಮುಖದ ಮೇಲೆ ಅದರ ನೋವು ಎದ್ದು ಕಾಣುತ್ತಿತ್ತು. “ಸೊನ್ನಿ ಅಂತನ ಬರದು ಕಳಸ್ರಿ.”

ಟಿಕೆಟ್ ಇನ್ನೊಬ್ಬರಿಗೆ ಹೋಯಿತು. ಅಧ್ಯಕ್ಷ ಪದವಿಯೂ ಹೋಯಿತು. ‘ಜನರೊಂದಿಗೆ ಬೆರೆಯುವುದರಲ್ಲಿ ವಿಫಲ’ ಎಂದು ಪತ್ರಿಕೆಯಲ್ಲಿ ಎರಡು ಅಂಕಣದ ಸುದ್ದಿ ಬಂತು. ಪಕ್ಷದವರು ಯಂತ್ರವನ್ನು ಬೇರೆ ಜಿಲ್ಲೆಗೆ ಸಾಗಿಸಿದರು. ದಿಂಬುಗಳು ಬರೀ ದಿಂಬುಗಳಾಗಿ ಮನೆಗಳಲ್ಲಿ ಉಳಿದವು. ಅತ್ತೆ ಎರಡು ವಾರ ಮಧ್ಯಾಹ್ನ ಮಲಗಿ ಎದ್ದು, “ಯಾಕೋ ಮನಿ ಬಣಬಣ ಅನಸ್ತದ,” ಎನ್ನುತ್ತಿದ್ದರು. ನಾನು ಚಹಾ ಮಾಡಲು ಒಳಗೆ ಹೋಗುತ್ತಿದ್ದೆ.

ಮತದಾನದ ದಿನ ಅತ್ತೆಯನ್ನು ಕರೆದುಕೊಂಡು ಮುನ್ಸಿಪಲ್ ಶಾಲೆಗೆ ಹೋದೆ. ನನ್ನದು ಬೇಗ ಮುಗಿಯಿತು. ಅತ್ತೆ ಒಳಗೆ ಹೋದವರು ಹೊರಗೆ ಬರಲೇ ಇಲ್ಲ. ಬಾಗಿಲಲ್ಲಿ ಅಧಿಕಾರಿ ಗೊಣಗುತ್ತಿದ್ದ. “ಏನಾಗೇತಿ ಇವತ್ತು ಈ ಓಣಿಯವರಿಗೆ? ಒಬ್ಬೊಬ್ಬರು ಮಷಿನ್ ಮುಂದ ಹತ್ತತ್ತು ನಿಮಿಷ ನಿಲ್ಲಾಕತ್ತಾರ. ಮ್ಯಾಲಿಂದ ಕೆಳಗ, ಕೆಳಗಿಂದ ಮ್ಯಾಲೆ ನೋಡೂದ ನೋಡೂದು. ಏನ್ ಹುಡಕ್ತಾರೋ!”

ಕೊನೆಗೆ ಅತ್ತೆ ಬಂದರು. ಸಿಟ್ಟಿನಿಂದ ಮುಖ ಕೆಂಪಾಗಿತ್ತು.

“ಯಾರಿಗೆ ಹಾಕಿದ್ರಿ ಅಂತ ಕೇಳೂದಿಲ್ಲ ಅತ್ತಿಯಾರ. ಯಾಕ ಇಷ್ಟು ತಡಾ?”

“ಯಾರಿಗೂ ಹಾಕಿಲ್ಲ. ಕೆಳಗ, ಇವರ್ಯಾರೂ ಬ್ಯಾಡ ಅನ್ನೋದೈತೆಲ್ಲ, ಅದನ್ನ ಒತ್ತಿ ಬಂದೆ. ಆ ಮಷಿನ್ಯಾಗ ನಮ್ಮಾವ ಇಲ್ಲ.”

“ಯಾರು ನಿಮ್ಮಾವ?”

“ಹೆಸರು ಗೊತ್ತಿಲ್ಲ ಇಂದೂ. ಅಲ್ಲಿ ಇರ್ತಾನ ಅಂತ ಯಾಕ ಅನ್ನಿಸ್ತೋ ಅದೂ ಗೊತ್ತಿಲ್ಲ. ನೋಡಿದ್ರ ಇಲ್ಲ.” ಅವರ ಕಣ್ಣಲ್ಲಿ ನೀರು ಬಂತು. “ಇರಬೇಕಾಗಿತ್ತು.”

ಮನೆಗೆ ಬಂದು ಊಟಕ್ಕೆ ಬಡಿಸುವ ಮೊದಲು ನಾನು ಹಿತ್ತಲಿಗೆ ಹೋಗಿ ಗೌಡರಿಗೆ ಫೋನ್ ಮಾಡಿದೆ. ಹೇಳಬೇಕೋ ಬೇಡವೋ ಎಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಹೇಳಿಬಿಟ್ಟೆ. ಓಣಿಯವರು ಹತ್ತು ಹತ್ತು ನಿಮಿಷ ಯಾರನ್ನೋ ಹುಡುಕಿದ್ದು, ಅತ್ತೆ ಅತ್ತದ್ದು, ಎಲ್ಲ. ಆ ಕಡೆ ಗೌಡರು ಅಳುತ್ತಿದ್ದಾರೆ ಎಂದು ಉಸಿರಿನಲ್ಲೇ ಗೊತ್ತಾಯಿತು. ನನಗೂ ತಡೆಯಲಾಗಲಿಲ್ಲ.

“ಯಾರದು ಫೋನು? ಯಾಕ ಅಳಾಕತ್ತಿ?” ಅತ್ತೆ ಹಿಂದೆ ಬಂದು ನಿಂತಿದ್ದರು. ನನ್ನ ಆಫೀಸಿನ ಸಾಹೇಬರು ಎಂದು ತಡವರಿಸಿದೆ. ನನ್ನನ್ನು ಅಳಿಸಿದವರು ಯಾರೇ ಆದರೂ ಅವರನ್ನು ವಿಚಾರಿಸಿಕೊಳ್ಳದೆ ಬಿಡುವವರಲ್ಲ ಅತ್ತೆ. ಫೋನು ಕಸಿದುಕೊಂಡರು.

“ಯಾರ್ರೀ ನೀವು? ನಮ್ಮ ಹುಡುಗಿಗೆ ಏನಂದ್ರಿ?... ಏನೂ ಅಂದಿಲ್ಲಾ? ಹಂಗಾದ್ರ ಸರಿ. ಊಟಾ ಆತೇನ್ರಿ?... ಇನ್ನೂ ಇಲ್ಲಾ? ಎರಡೂವರಿ ಆಗೇತಿ! ನಮ್ಮದೂ ಆಗಿಲ್ಲ ಬಿಡ್ರಿ. ಇವತ್ತು ವೋಟ್ ಹಾಕಾಕ ಹೋಗಿದ್ದೆ, ಏನಾತು ಅಂದ್ರ...”

ಅತ್ತೆ ಕಲ್ಲಿನ ಮೇಲೆ ಕೂತು ಎಲ್ಲ ಹೇಳಿದರು. ಮಷಿನ್ನು, ಹುಡುಕಿದ್ದು, ಸಾಗವಾನಿ ಹಲಗೆ, ಮಾವನ ಗರಗಸ, ಮಾವ ತೀರಿಕೊಂಡ ವರ್ಷದ ಮಾತು, ನನಗೂ ಎಂದೂ ಹೇಳದಿದ್ದ ಒಂದೆರಡು ಸಂಗತಿ. ಇಪ್ಪತ್ತು ನಿಮಿಷವಾಗಿರಬೇಕು. ಆ ಕಡೆಯಿಂದ ಆಗೊಮ್ಮೆ ಈಗೊಮ್ಮೆ “ಹೂಂ” ಎನ್ನುವುದು ಮಾತ್ರ ಕೇಳುತ್ತಿತ್ತು. ಒಂದು ಕಡೆಯೂ ಅವರು ಅತ್ತೆಯ ಮಾತನ್ನು ಅರ್ಧಕ್ಕೆ ಮುರಿಯಲಿಲ್ಲ.

ಹೇಳಿ ಮುಗಿಸಿದಮೇಲೆ ಅತ್ತೆ ಸೆರಗಿನಿಂದ ಫೋನು ಒರೆಸಿ ನನ್ನ ಕೈಗೆ ಕೊಟ್ಟರು. ಮುಖ ಹಗುರಾಗಿತ್ತು.

“ಎಂಥಾ ಚಲೋ ಮನಷ್ಯಾ ಅದಾನ ನೋಡು ನಿಮ್ಮ ಸಾಹೇಬ,” ಎಂದರು ಏಳುತ್ತಾ. “ಇಂಥವ್ರು ಮಾತ್ರ ಚುನಾವಣಿಗೆ ನಿಂದ್ರಂಗಿಲ್ಲ.”

ನಾನು ಹೌದ್ರಿ ಎಂದೆ. ಫೋನು ಇನ್ನೂ ಚಾಲೂ ಇತ್ತು.